ನೀರಿನ ಮೇಲಣ ಮೋಟಾರ್ ಸೈಕಲು ಮತ್ತು ಬಂದರಿನ ಕಟ್ಟಳೆ

ನೆಲದ ಮೇಲೆ ಸಂಚರಿಸುವ ವಾಹನಕ್ಕೆ ದಾರಿಯೆಂಬುದೊಂದುಂಟು. ಎತ್ತಿನ ಗಾಡಿಯಾಗಲಿ ಬಸ್ಸಾಗಲಿ ದಾರಿಯನ್ನು ಬಿಟ್ಟು ಗದ್ದೆಗಿಳಿಯುವುದಿಲ್ಲ, ಇಳಿದರೆ ಹೂತುಹೋಗುತ್ತದೆ. ನೀರಿನ ಮೇಲೆ ಅಂತಹ ದಾರಿ ಕಣ್ಣಿಗೆ ಕಾಣಿಸದು. ಆದರೂ ದೋಣಿಗಳೂ ಹಡಗುಗಳೂ ಬಹುಕಾಲ ತಮ್ಮ ತಮ್ಮ ಮೇರೆಯೊಳಗೇ ಓಡಾಡಿಕೊಂಡು ಬಂದುವು. ಈ ಮೇರೆಯನ್ನು ಹಾಕಿದವರು ಯಾರು? ಬಂದರಿನ ಅಧಿಕಾರಿಗಳಿಗಿಂತ ಹೆಚ್ಚಾಗಿ ನೀರಿನ ಆಳವೇ ಹಾಕಿತು. ಮೋಟಾರು ದೋಣಿಯನ್ನು ತಳ್ಳುವ ತಿರುಗುರೆಕ್ಕೆ ದೋಣಿಯ ತಳಕ್ಕಿಂತಲೂ ಕೆಳಗೆ ಇರುತ್ತದೆ. ಆಳವಿಲ್ಲದಲ್ಲಿ ಅದು ಮರಳಿಗೋ ಬಂಡೆಗೋ ತಗುಲಿ ಮುರಿಯುತ್ತದೆ. ಆದುದರಿಂದ ದಡದ ಬಳಿಯ ತಿಳಿನೀರು ಏಡಿಗಳಿಗೂ ಹಕ್ಕಿಗಳಿಗೂ ಹುಟ್ಟು ಹಾಕುವ ಸಣ್ಣ ದೋಣಿಗಳಿಗೂ ಮೀಸಲಾಗಿ ಉಳಿಯಿತು. ಅದಕ್ಕಾಗಿ ಯಾರೂ ಕಾನೂನು ಮಾಡಬೇಕಾಗಿ ಬರಲಿಲ್ಲ.

ಈ ಸ್ವಾಭಾವಿಕವಾದ ಕಟ್ಟಳೆಯನ್ನು ಮೊದಲು ಸಡಿಲಿಸಿದವನು ನ್ಯೂಜಿಲೆಂಡಿನ ವಿಲಿಯಂ ಹ್ಯಾಮಿಲ್ಟನ್. ಅವನು ಕುರಿ ಸಾಕುವವನೂ ಹೌದು, ಯಂತ್ರಶಿಲ್ಪಿಯೂ ಹೌದು. ಅವನ ಸೀಮೆಯ ನದಿಗಳು ಬಹಳ ರಭಸದವು, ಆದರೆ ಹರಳುಗಲ್ಲುಗಳ ಮೇಲೆ ತೆಳ್ಳಗೆ ಹರಿಯುವಂಥವು. ಅವುಗಳಲ್ಲಿ ಸಾಮಾನ್ಯ ಮೋಟಾರು ದೋಣಿ ನಡೆಯದು. 1950ರ ದಶಕದಲ್ಲಿ ಹ್ಯಾಮಿಲ್ಟನ್ ದೋಣಿಯೊಳಗೆ ಒಂದು ಪಂಪನ್ನು ಅಳವಡಿಸಿ, ತಳದಿಂದ ನೀರನ್ನು ಹೀರಿ ಹಿಂದಿನ ಕಿರಿದಾದ ಮೂತಿಯಿಂದ ಧಾರೆಯಾಗಿ ಎಸೆಯುವ ಉಪಾಯವನ್ನು ರೂಢಿಗೆ ತಂದನು. ಬೆಂಕಿ ಆರಿಸುವವರು ನೀರಿನ ಕೊಳವೆಯನ್ನು ಇಬ್ಬರು ಮೂವರು ಸೇರಿ ಹಿಡಿದಿರುವುದನ್ನು ಓದುಗರು ಕಂಡಿರಬಹುದು. ನೀರು ಮುಂದಕ್ಕೆ ಚಿಮ್ಮಿದಷ್ಟೂ ಕೊಳವೆ ಹಿಂದಕ್ಕೆ ಒದೆಯುತ್ತದೆ. ಇದು ನ್ಯೂಟನ್ನನ ಮೂರನೆಯ ನಿಯಮ. ಹ್ಯಾಮಿಲ್ಟನ್ನನ ದೋಣಿ ಈ ಒದೆತದ ಬಲದಿಂದಲೇ ಓಡಿತು. ಕೆಳಗೆ ಚಾಚಿಕೊಂಡಿರುವ ರೆಕ್ಕೆಯಿಲ್ಲವಾದ್ದರಿಂದ ಅದಕ್ಕೆ ಆಳದ ಹಂಗು ಹೆಚ್ಚಾಗಿ ಉಳಿಯಲಿಲ್ಲ.

1960ರ ದಶಕದಲ್ಲಿ ಅಮೆರಿಕದ ಕ್ಲೇಟನ್ ಜೇಕಬ್‌ಸನ್ ಎಂಬ ಮೋಟಾರ್ ಸೈಕಲ್ ಪಂದ್ಯಗಾರನು ಇದೇ ತತ್ತ್ವದ ಮೇಲೆ ಒಬ್ಬನೇ ಸವಾರನು ನಡೆಸಬಹುದಾದ ಪುಟ್ಟ ವಾಹನವನ್ನು ಕಲ್ಪಿಸಿದನು. 1970ರ ದಶಕದ ಆರಂಭದಲ್ಲಿ ಜಪಾನಿನ ಕವಾಸಾಕಿ ಸಂಸ್ಥೆ ಅದನ್ನು ‘ಜೆಟ್ ಸ್ಕೀ’ ಎಂಬ ಹೆಸರಿನಿಂದ ಮಾರಾಟಕ್ಕೆ ತಂದಿತು. ಒಂದು ಸಂಸ್ಥೆಯ ಸರಕಿನ ಹೆಸರೇ ಆಮೇಲೆ ಜನರ ಬಾಯಲ್ಲಿ ಅಂಥ ಎಲ್ಲ ವಾಹನಗಳ ಹೆಸರಾಯಿತು. ನಾವೂ ಅದನ್ನೇ ಬಳಸೋಣ. ಮೊದಮೊದಲಿನವನ್ನು ನಿಂತುಕೊಂಡೇ ನಡೆಸಬೇಕಾಗಿತ್ತು. ಅಭ್ಯಾಸವಿಲ್ಲದವನು ಹತ್ತಿದೊಡನೆ ನೀರಿಗೆ ಬೀಳುವನು. ಆದ್ದರಿಂದ ಅದು ಕೆಲವರ ಹವ್ಯಾಸವಾಗಿ ಮಾತ್ರ ಉಳಿದಿತ್ತು. 1980ರ ದಶಕದ ಕೊನೆಯ ಭಾಗದಲ್ಲಿ ಕುಳಿತು ನಡೆಸುವ ಮಾದರಿಗಳು ಹರಡಿದ ಮೇಲೆ ಸಂಗತಿ ಬದಲಾಯಿತು. ಎಂದೂ ಸಮುದ್ರವನ್ನು ಕಾಣದವನು ಕೂಡ ಐದು ನಿಮಿಷದಲ್ಲಿ ಸವಾರನಾದನು. ಬಂದರುಗಳ ದಡದಲ್ಲಿ ಗಂಟೆಗಿಷ್ಟೆಂದು ಜೆಟ್ ಸ್ಕೀಗಳನ್ನು ಬಾಡಿಗೆಗೆ ಕೊಡುವ ಹೊಸ ವ್ಯಾಪಾರ ಹುಟ್ಟಿತು. ಕೆಲವೇ ವಾಹನಗಳು, ಒಂದು ಚಿಕ್ಕ ಕಟ್ಟೆ, ಬೇಸಗೆಯ ಮೂರು ತಿಂಗಳು—ವ್ಯಾಪಾರಕ್ಕೆ ಬೇಕಾದದ್ದು ಇಷ್ಟೇ.

ಈ ವ್ಯಾಪಾರಕ್ಕೂ ಒಂದು ಸಣ್ಣ ಸ್ಥಳೀಯ ಸರಕಾರಕ್ಕೂ ನಡೆದ ವಾದವೊಂದು ತಿಳಿದುಕೊಳ್ಳತಕ್ಕದ್ದಾಗಿದೆ. ಅಮೆರಿಕದ ವಾಯವ್ಯ ಮೂಲೆಯಲ್ಲಿ, ವಾಷಿಂಗ್ಟನ್ ರಾಜ್ಯಕ್ಕೂ ಕೆನಡದ ವ್ಯಾಂಕೂವರ್ ದ್ವೀಪಕ್ಕೂ ನಡುವೆ, ಸಾನ್ ಹುವಾನ್ ಎಂಬ ದ್ವೀಪಸಮೂಹವಿದೆ. 1859ರಲ್ಲಿ ಒಬ್ಬನ ಆಲೂಗೆಡ್ಡೆಯನ್ನು ತಿಂದ ಇನ್ನೊಬ್ಬನ ಹಂದಿಯನ್ನು ಕೊಂದ ನೆಪದಲ್ಲಿ ಇಂಗ್ಲಿಷರೂ ಅಮೆರಿಕನರೂ ಇಲ್ಲಿ ಸೈನ್ಯವನ್ನಿಳಿಸಿ ಎದುರುಬದುರಾಗಿ ನಿಂತಿದ್ದರು. 1872ರಲ್ಲಿ ಜರ್ಮನಿಯ ಚಕ್ರವರ್ತಿ ಪಂಚಾಯಿತಿ ಮಾಡಿ ದ್ವೀಪಗಳನ್ನು ಅಮೆರಿಕಕ್ಕೆ ಕೊಡಿಸಿದನು. ಆ ಜಗಳದಲ್ಲಿ ಹಂದಿಯ ಹೊರತು ಯಾರೂ ಗುಂಡಿಗೆ ಬಲಿಯಾಗಲಿಲ್ಲವೆಂಬುದು ಸಂತೋಷದ ವಿಷಯ. ದ್ವೀಪಗಳೆಲ್ಲ ಸೇರಿ ಒಂದು ಕೌಂಟಿ, ಎಂದರೆ ನಮ್ಮ ಜಿಲ್ಲೆಯಂತಹ ಆಡಳಿತ ಭಾಗ. ಅದರ ಮುಖ್ಯ ಊರು ಫ್ರೈಡೆ ಹಾರ್ಬರ್ ಎಂಬ ಬಂದರು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಮುದ್ರಜೀವಿ ಸಂಶೋಧನಾಲಯವೂ ಅಲ್ಲಿಯೇ ಇದೆ. ಅದರ ಆರಂಭ 1904ರಲ್ಲಿ. ದ್ವೀಪಗಳ ನಡುವಣ ಕಿರಿದಾದ ಕಾಲುವೆಗಳಲ್ಲಿ ಉಬ್ಬರವಿಳಿತದ ನೀರು ಸದಾ ಕಲಕುತ್ತಿರುವುದರಿಂದ ಜೀವಸಮೃದ್ಧಿ ಹೆಚ್ಚು. ಬಂಡೆಗಳ ಮೇಲೆ ಸೀಲ್ ಪ್ರಾಣಿಗಳು ಮರಿಹಾಕುತ್ತವೆ; ಬಿಳಿತಲೆಯ ಗಿಡುಗಗಳು ಗೂಡು ಕಟ್ಟುತ್ತವೆ; ಕಪ್ಪುಬಿಳುಪಿನ ಓರ್ಕ ತಿಮಿಂಗಿಲಗಳು ಸಾಲ್ಮನ್ ಮೀನನ್ನರಸಿ ಹಿಂಡುಹಿಂಡಾಗಿ ಬರುತ್ತವೆ. ಇವನ್ನು ನೋಡಲೆಂದು ಬರುವ ಪ್ರವಾಸಿಗಳೇ ದ್ವೀಪದ ಜನರ ಜೀವನಕ್ಕೆ ದೊಡ್ಡ ಆಧಾರ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಆ ಊರು ವ್ಯಾಪಾರಕ್ಕೆ ಹಗೆಯಾಗಿರಲಿಲ್ಲ. ಒಂದು ವ್ಯಾಪಾರ ಇನ್ನೊಂದರ ಬಂಡವಾಳವನ್ನು ಕೆಡಿಸುತ್ತಿದೆಯೆ ಎಂಬುದೇ ಅಲ್ಲಿ ಪ್ರಶ್ನೆಯಾಗಿತ್ತು.

ದ್ವೀಪವಾಸಿಗಳ ದೂರು ಮೊದಲು ಸದ್ದಿನ ಮೇಲೆ. ಇತರ ದೋಣಿಗಳಿಗೂ ಸದ್ದುಂಟಲ್ಲ ಎಂದು ಕೇಳಬಹುದು. ಉಂಟು, ಆದರೆ ಆ ಸದ್ದು ಬಂದು ಹೋಗುತ್ತದೆ. ಜೆಟ್ ಸ್ಕೀ ಸವಾರನು ಎಲ್ಲಿಗೂ ಹೋಗಬೇಕಾದವನಲ್ಲ. ಒಂದೇ ಕೊಲ್ಲಿಯಲ್ಲಿ ಮಧ್ಯಾಹ್ನವೆಲ್ಲ ಸುತ್ತುವನು. ಅಲೆಯನ್ನು ಹಾರಿದಾಗಲೆಲ್ಲ ವಾಹನ ನೀರಿನಿಂದ ಮೇಲೇಳುತ್ತದೆ. ಆಗ ಪಂಪು ನೀರಿನ ಬದಲು ಗಾಳಿಯನ್ನು ಹೀರುತ್ತದೆ, ಯಂತ್ರದ ಹೊರೆ ತಟಕ್ಕನೆ ಇಳಿಯುತ್ತದೆ, ಯಂತ್ರ ಕಿರುಚುತ್ತದೆ. ಮತ್ತೆ ನೀರಿಗೆ ಬಿದ್ದೊಡನೆ ಸ್ವರ ತಗ್ಗುತ್ತದೆ. ಒಂದೇ ಸ್ವರದ ಸದ್ದಿಗೆ ಕಿವಿ ಒಗ್ಗಿಕೊಳ್ಳುವುದುಂಟು; ಹೀಗೆ ಏರಿಳಿಯುವ ಸದ್ದಿಗೆ ಒಗ್ಗದು. ಇದಲ್ಲದೆ ತಣ್ಣನೆಯ ಸಮುದ್ರದ ಮೇಲೆ ನೀರಿಗೆ ತಾಗಿದ ಗಾಳಿ ತಂಪಾಗಿ, ಅದರ ಮೇಲಿನ ಗಾಳಿ ಬೆಚ್ಚಗಿರುವುದು. ಬೆಚ್ಚನೆಯ ಗಾಳಿಯಲ್ಲಿ ಶಬ್ದದ ವೇಗ ಹೆಚ್ಚು. ಆದ್ದರಿಂದ ಮೇಲಕ್ಕೆ ಹೊರಟ ಶಬ್ದದ ಅಲೆ ಬಾಗಿ ಮತ್ತೆ ನೀರಿನ ಕಡೆಗೇ ಇಳಿಯುತ್ತದೆ. ದೂರದ ಆಚೆ ದಡದ ಮಾತು ಸಂಜೆ ಹೊತ್ತು ನಮ್ಮ ಕೆರೆಯ ಏರಿಯ ಮೇಲೆ ಸ್ಪಷ್ಟವಾಗಿ ಕೇಳಿಸುವುದೂ ಇದೇ ಕಾರಣದಿಂದ.

ಎರಡನೆಯದು ಎಣ್ಣೆ. ಆಗಿನ ಜೆಟ್ ಸ್ಕೀಗಳ ಯಂತ್ರ ನಮ್ಮ ಹಳೆಯ ಸ್ಕೂಟರುಗಳದರಂತೆ ಪೆಟ್ರೋಲಿಗೆ ಎಣ್ಣೆ ಬೆರೆಸಿ ಉರಿಸುವ ಎರಡು ಹೊಡೆತದ ಯಂತ್ರ. ಹೊಗೆ ಹೊರಹೋಗುವ ಹೊತ್ತಿಗೇ ಹೊಸ ಮಿಶ್ರಣ ಒಳಬರುವುದರಿಂದ, ಇಂಧನದ ಸುಮಾರು ಕಾಲುಭಾಗ ಉರಿಯದೆಯೇ ಜಾರಿಹೋಗುತ್ತದೆ. ಸ್ಕೂಟರಿನಲ್ಲಿ ಅದು ಗಾಳಿಗೆ ಸೇರಿದರೆ ಇಲ್ಲಿ ಬಹುಮಟ್ಟಿಗೆ ನೀರಿಗೆ ಸೇರಿತು.

ಮೂರನೆಯದು ಅಪಾಯ, ಇದು ಯಂತ್ರದ ರಚನೆಯಲ್ಲಿಯೇ ಅಡಗಿತ್ತು. ಜೆಟ್ ಸ್ಕೀಗೆ ಚುಕ್ಕಾಣಿಯಿಲ್ಲ. ನೀರಿನ ಧಾರೆಯನ್ನು ಚೆಲ್ಲುವ ಮೂತಿಯನ್ನು ಎಡಕ್ಕೋ ಬಲಕ್ಕೋ ತಿರುಗಿಸಿದಾಗ ವಾಹನ ತಿರುಗುತ್ತದೆ. ಧಾರೆ ಇದ್ದರೆ ಮಾತ್ರ ತಿರುವು. ಎದುರಿಗೆ ದೋಣಿಯೋ ಈಜುಗಾರನೋ ಕಂಡಾಗ ಹೊಸ ಸವಾರನು ಮಾಡುವುದೇನು? ಗಾಬರಿಯಿಂದ ವೇಗದ ಹಿಡಿಯನ್ನು ಬಿಟ್ಟುಬಿಡುವನು. ಕೂಡಲೆ ಧಾರೆ ನಿಲ್ಲುತ್ತದೆ. ಧಾರೆಯೊಡನೆ ತಿರುಗುವ ಶಕ್ತಿಯೂ ಹೋಗುತ್ತದೆ. ಅವನು ಹಿಡಿಕೆಯನ್ನು ಎಷ್ಟು ತಿರುಚಿದರೂ ವಾಹನ ನೆಟ್ಟಗೆ ಮುಂದಕ್ಕೆ ನುಗ್ಗುತ್ತದೆ. ನೆಲದ ಮೇಲೆ ಜೀವವುಳಿಸುವ ಅಭ್ಯಾಸವೇ ಇಲ್ಲಿ ಜೀವ ತೆಗೆಯುತ್ತದೆ. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಲಿ 1998ರಲ್ಲಿ ಈ ವಾಹನಗಳ ಅಪಘಾತಗಳನ್ನು ಪರೀಕ್ಷಿಸಿತು. ಉಳಿದ ವಿಹಾರ ದೋಣಿಗಳಲ್ಲೆಲ್ಲ ಸಾವಿಗೆ ಮುಖ್ಯ ಕಾರಣ ಮುಳುಗುವಿಕೆ. ಜೆಟ್ ಸ್ಕೀಯಲ್ಲಿ ಮಾತ್ರ ಮುಳುಗಿ ಸತ್ತವರಿಗಿಂತ ಡಿಕ್ಕಿಯ ಪೆಟ್ಟಿನಿಂದ ಸತ್ತವರು ಹೆಚ್ಚು ಎಂಬುದು ಅದಕ್ಕೆ ಕಂಡುಬಂದ ಸಂಗತಿ. ಗಂಟೆಯ ಬಾಡಿಗೆಗೆ ಹತ್ತುವವನಿಗೆ ಈ ಗುಟ್ಟನ್ನು ತಿಳಿಸಿ ಕಳುಹಿಸುವಷ್ಟು ವ್ಯವಧಾನ ವ್ಯಾಪಾರಿಗೂ ಇರದು, ಸವಾರನಿಗೂ ಇರದು.

ಎಲ್ಲಕ್ಕಿಂತ ಮಿಗಿಲಾದುದು ಮೊದಲೇ ಹೇಳಿದ ಆಳದ ಮಾತು. ಸೀಲ್ ಮರಿಗಳಿದ್ದ ಬಂಡೆಗಳ ಮಗ್ಗುಲಿಗೆ, ಹಕ್ಕಿಗಳು ಮೇಯುವ ತಿಳಿನೀರಿಗೆ, ಹಿಂದೆ ಮೋಟಾರು ದೋಣಿ ರಭಸದಿಂದ ಬರಲಾರದೆ ನಿಂತ ಎಡೆಗಳಿಗೆಲ್ಲ ಈ ವಾಹನ ಗಂಟೆಗೆ ಹತ್ತಾರು ಮೈಲಿ ವೇಗದಲ್ಲಿ ನುಗ್ಗಬಲ್ಲುದಾಯಿತು. ನೀರು ಕಾಯುತ್ತಿದ್ದ ಬಾಗಿಲನ್ನು ಇನ್ನು ಮನುಷ್ಯರೇ ಕಾಯಬೇಕಾಯಿತು.

1996ರ ಜನವರಿಯಲ್ಲಿ ಕೌಂಟಿಯ ಆಡಳಿತ ಮಂಡಲಿ ಜನರ ಅಹವಾಲುಗಳನ್ನು ಕೇಳಿ, ತನ್ನ ಮೇರೆಯೊಳಗಣ ಸಮುದ್ರದಲ್ಲೆಲ್ಲ ಮತ್ತು ಒಂದು ಸರೋವರದಲ್ಲಿ ಜೆಟ್ ಸ್ಕೀಯನ್ನು ನಿಷೇಧಿಸಿತು. ಬಾಡಿಗೆಗೆ ಕೊಡುವವರು, ಮಾರುವವರು, ಸವಾರಿ ಮಾಡುವವರು, ತಯಾರಕರ ಸಂಘ—ಎಲ್ಲರೂ ಸೇರಿ ನ್ಯಾಯಾಲಯಕ್ಕೆ ಹೋದರು. ಕೆಳಗಿನ ನ್ಯಾಯಾಲಯ ಅವರ ಪರವಾಗಿಯೇ ತೀರ್ಪು ಕೊಟ್ಟಿತು. ಕೌಂಟಿ ಮೇಲ್ಮನವಿ ಮಾಡಿತು. ಅಮೆರಿಕದಲ್ಲಿ ಪ್ರತಿಯೊಂದು ರಾಜ್ಯಕ್ಕೂ ತನ್ನದೇ ಸರ್ವೋಚ್ಚ ನ್ಯಾಯಾಲಯವಿದೆ. ವಾಷಿಂಗ್ಟನ್ ರಾಜ್ಯದ ಸರ್ವೋಚ್ಚ ನ್ಯಾಯಾಲಯ 1998ರ ಜುಲೈಯಲ್ಲಿ ವ್ಯಾಜ್ಯವನ್ನು ತೀರ್ಮಾನಿಸಿತು.

ವ್ಯಾಪಾರಿಗಳ ವಾದ ಹಗುರವಾದುದೇನೂ ಅಲ್ಲ. ನಮ್ಮ ವಾಹನಗಳನ್ನು ರಾಜ್ಯ ಸರಕಾರವೇ ಹಣ ತೆಗೆದುಕೊಂಡು ನೋಂದಾಯಿಸಿದೆ. ಅವನ್ನು ಹೇಗೆ ನಡೆಸಬೇಕೆಂದು ರಾಜ್ಯದ ಶಾಸನವೇ ಹೇಳಿದೆ. ಹೀಗಿರುವಾಗ ಒಂದು ಕೌಂಟಿ ಅಡ್ಡ ಬರುವುದೆಂತು? ಸಮುದ್ರವಾದರೋ ಎಲ್ಲರ ಸ್ವತ್ತು. ಅದರಿಂದ ನಮ್ಮನ್ನು ಹೊರಗಿಡುವ ಅಧಿಕಾರ ಯಾರಿಗಿದೆ? ಗದ್ದಲ ಮಾಡುವ ದೊಡ್ಡ ದೋಣಿಗಳನ್ನು ಬಿಟ್ಟು ನಮ್ಮೊಬ್ಬರನ್ನೇ ಹಿಡಿಯುವುದು ಯಾವ ನ್ಯಾಯ?

ನ್ಯಾಯಾಲಯದ ಬಹುಮತ ಇವಕ್ಕೆ ಒಂದೊಂದಾಗಿ ಉತ್ತರಕೊಟ್ಟಿತು. ರಾಜ್ಯದ ಸಂವಿಧಾನ ಸ್ಥಳೀಯ ಸರಕಾರಗಳಿಗೆ ಸಾಮಾನ್ಯ ಶಾಸನಗಳಿಗೆ ವಿರೋಧವಾಗದ ಕಟ್ಟಳೆಗಳನ್ನು ಮಾಡಿಕೊಳ್ಳುವ ಅಧಿಕಾರವನ್ನಿತ್ತಿದೆ. ನೋಂದಣಿಯ ಶಾಸನ ಹುಟ್ಟಿದ್ದು ತೆರಿಗೆ ಎತ್ತುವುದಕ್ಕೂ ಒಡೆತನವನ್ನು ದಾಖಲಿಸುವುದಕ್ಕೂ. ನೋಂದಾಯಿಸಿದವನು ರಾಜ್ಯದ ಯಾವ ನೀರಿನಲ್ಲಾದರೂ ಓಡಾಡಬಹುದೆಂದು ಅದು ಹೇಳುವುದಿಲ್ಲ. ನಮ್ಮಲ್ಲಿ ಲಾರಿಗೆ ನೋಂದಣಿ ಇದ್ದ ಮಾತ್ರಕ್ಕೆ ಪೇಟೆಯ ಎಲ್ಲ ಬೀದಿಗಳಿಗೂ ಹಗಲು ಹೊತ್ತು ನುಗ್ಗಬಹುದೆ? ಹಾಗೆಯೇ ಇದು. ಸಮುದ್ರ ಸಾರ್ವಜನಿಕರ ಸ್ವತ್ತೆಂಬ ತತ್ತ್ವವೂ ವಾದಿಗಳಿಗೆ ನೆರವಾಗಲಿಲ್ಲ. ಸರಕಾರ ಜಲವನ್ನು ಜನತೆಯ ಪರವಾಗಿ ಕಾಯುವ ಧರ್ಮಕರ್ತನೆಂಬುದೇ ಆ ತತ್ತ್ವ. ಜಲಕ್ಕೂ ಜೀವಿಗಳಿಗೂ ಕೇಡು ಮಾಡುವ ಕೆಲಸವನ್ನು ಅದೇ ತತ್ತ್ವದಿಂದ ಸಮರ್ಥಿಸುವುದು ವಿಚಿತ್ರವೆಂದು ನ್ಯಾಯಾಲಯ ಭಾವಿಸಿತು. ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯವೂ 1996ರ ಡಿಸೆಂಬರಿನಲ್ಲಿ ಹಿಮಾಚಲದ ಬಿಯಾಸ್ ನದಿಯ ದಡದ ಒಂದು ವಿಹಾರಗೃಹದ ಮೊಕದ್ದಮೆಯಲ್ಲಿ ಇದೇ ಧರ್ಮಕರ್ತ ತತ್ತ್ವವನ್ನು ಎತ್ತಿಹಿಡಿದಿತ್ತು. ಇನ್ನು ಪಕ್ಷಪಾತದ ಮಾತು. ಕೇಡಿಗೆ ನೇರ ಕಾರಣವಾದ ಚಟುವಟಿಕೆಯನ್ನು ಮಾತ್ರ ತಡೆದ ಕಟ್ಟಳೆಯನ್ನು ಅತಿ ಕಠಿನವೆನ್ನಲಾಗದು. ಆ ಜನ ಕೌಂಟಿಯಲ್ಲಿ ಬೇರೆ ದೋಣಿಗಳನ್ನು ನಡೆಸಬಹುದು, ಜೆಟ್ ಸ್ಕೀಯನ್ನು ಬೇರೆಡೆ ನಡೆಸಬಹುದು ಎಂದಿತು. ಭಿನ್ನಮತವೂ ಇಲ್ಲದಿರಲಿಲ್ಲ.

ನನ್ನ ಅಭಿಪ್ರಾಯದಲ್ಲಿ ವ್ಯಾಪಾರಿಗಳ ಕೊನೆಯ ಪ್ರಶ್ನೆಗೆ ಆಗ ಪೂರ್ತಿ ಉತ್ತರ ದೊರಕಲಿಲ್ಲ. ಕಾಯಿದೆಯಂತೆ ನಡೆಸುತ್ತಿದ್ದ ಕಸುಬು ಮಂಡಲಿಯ ಒಂದು ಮತದಿಂದ ಆ ನೀರಿನಲ್ಲಿ ನಿಂತುಹೋಯಿತು. ವೇಗಕ್ಕೆ ಮಿತಿ ಹಾಕಬಹುದಿತ್ತು, ದಡದಿಂದ ಇಷ್ಟು ದೂರವೆಂದು ಗೊತ್ತುಮಾಡಬಹುದಿತ್ತು ಎನ್ನುವವರ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಹತ್ತಾರು ದ್ವೀಪಗಳ ಅಂಚಿನ ಮೂಲೆಮೂಲೆಯಲ್ಲೂ ದೂರವನ್ನಳೆಯುತ್ತ ನಿಲ್ಲುವ ಪಹರೆಯನ್ನು ಒಂದು ಸಣ್ಣ ಕೌಂಟಿ ಎಲ್ಲಿಂದ ತರಬೇಕು? ಪೂರ್ಣ ನಿಷೇಧವನ್ನು ಕಾಯುವುದು ಸುಲಭ. ಕಂಡರೆ ಸಾಕು, ತಪ್ಪು ಗೊತ್ತಾಗುತ್ತದೆ.

ಬೇರೆ ಕಡೆಗಳಲ್ಲಿ ಬೇರೆ ದಾರಿ ಹಿಡಿದರು. ಕ್ಯಾಲಿಫೋರ್ನಿಯದ ಮಾಂಟೆರೇ ಕೊಲ್ಲಿಯಲ್ಲಿ 1992ರಲ್ಲಿ ಸಮುದ್ರ ರಕ್ಷಿತಪ್ರದೇಶ ಏರ್ಪಟ್ಟಾಗ ಜೆಟ್ ಸ್ಕೀಗಳಿಗೆ ಬಂದರುಗಳ ಹೊರಗೆ ನಾಲ್ಕು ವಲಯಗಳನ್ನು ಗೊತ್ತುಮಾಡಿದರು. ಅಲ್ಲಿಯೂ ‘ನಮ್ಮನ್ನು ಮಾತ್ರವೇಕೆ’ ಎಂಬ ಆಕ್ಷೇಪ ಬಂದಿತು. ಎಲ್ಲ ಕೇಡುಗಳನ್ನೂ ಒಮ್ಮೆಗೇ ತಡೆಯದಿದ್ದ ಮಾತ್ರಕ್ಕೆ ಒಂದನ್ನು ತಡೆಯಬಾರದೆಂದಿಲ್ಲವೆಂದು ಮೇಲ್ಮನವಿಯ ನ್ಯಾಯಾಲಯ 1995ರಲ್ಲಿ ಹೇಳಿತು. ಹವಾಯಿಯಲ್ಲಿ ಕಾಲವನ್ನೇ ಮೇರೆಯಾಗಿ ಮಾಡಿಕೊಂಡರು. ಗೂನುಬೆನ್ನಿನ ತಿಮಿಂಗಿಲಗಳು ಮರಿಹಾಕಲು ಬರುವ ಡಿಸೆಂಬರ್ 15ರಿಂದ ಮೇ 15ರವರೆಗೆ ಮಾವಿ ದ್ವೀಪದ ಪಶ್ಚಿಮ ಮತ್ತು ದಕ್ಷಿಣ ತೀರಗಳಲ್ಲಿ ಜೆಟ್ ಸ್ಕೀಯೂ ಇಲ್ಲ, ದೋಣಿಯ ಹಗ್ಗಕ್ಕೆ ಕಟ್ಟಿದ ಪ್ಯಾರಾಶೂಟಿನ ವಿಹಾರವೂ ಇಲ್ಲ.

ಯಂತ್ರವೂ ನಿಂತಲ್ಲಿಯೇ ನಿಲ್ಲಲಿಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1996ರಲ್ಲಿ ದೋಣಿಯಂತ್ರಗಳ ಹೊಗೆಗೆ ಮಿತಿ ಗೊತ್ತುಮಾಡಿದ ಮೇಲೆ ನಾಲ್ಕು ಹೊಡೆತದ ಯಂತ್ರಗಳು ಬಂದುವು. ಈಗ ವಿದ್ಯುತ್ತಿನಿಂದ ನಡೆಯುವ ಮಾದರಿಗಳೂ ಇವೆ. ಎಣ್ಣೆಯ ದೂರು ಬಹಳಮಟ್ಟಿಗೆ ತೀರಿತು, ಸದ್ದಿನದು ತಗ್ಗಿತು. ತಿಳಿನೀರಿಗೆ ನುಗ್ಗುವ ಗುಣ ಮಾತ್ರ ಹಾಗೆಯೇ ಇದೆ. ಸಾನ್ ಹುವಾನಿನ ನಿಷೇಧವೂ ಹಾಗೆಯೇ ಇದೆ.

ಇತ್ತ ಆ ನೀರಿನ ಓರ್ಕಗಳ ಸಂಖ್ಯೆ ನೂರಕ್ಕೂ ಕೆಳಗಿದ್ದು, 2005ರಲ್ಲಿ ಅವು ಅಳಿವಿನ ಅಂಚಿನ ಜೀವಿಗಳ ಪಟ್ಟಿಗೆ ಸೇರಿದುವು. ಅವು ಶಬ್ದವನ್ನು ಕಳುಹಿಸಿ, ಅದರ ಮಾರ್ದನಿಯಿಂದ ಮೀನನ್ನು ಕಂಡುಕೊಳ್ಳುತ್ತವೆ. ದೋಣಿ ಯಾವುದಾದರೇನು, ಅದರ ಸದ್ದು ಆ ಮಾರ್ದನಿಯನ್ನು ಮುಚ್ಚಿಬಿಡುತ್ತದೆ. ಆದ್ದರಿಂದ ಕಟ್ಟಳೆ ಕ್ರಮವಾಗಿ ಎಲ್ಲ ದೋಣಿಗಳನ್ನೂ ಮುಟ್ಟಿತು. ಪ್ರವಾಸಿಗಳಿಗೆ ತಿಮಿಂಗಿಲವನ್ನು ತೋರಿಸುವ ವ್ಯಾಪಾರಕ್ಕೆ ವಾಷಿಂಗ್ಟನ್ ರಾಜ್ಯದ ಪರವಾನಗಿ ಬೇಕಾಯಿತು. 2025ರ ಜನವರಿಯಿಂದ ಈ ಓರ್ಕಗಳ ಸುತ್ತ 1000 ಗಜ, ಎಂದರೆ ಸುಮಾರು 914 ಮೀಟರು, ಯಾವ ದೋಣಿಯೂ ಸಮೀಪಿಸಕೂಡದು. ಶ್ರೀಮಂತನ ವಿಹಾರನೌಕೆಗೂ ಹುಟ್ಟು ಹಾಕುವ ಕಯಾಕಿಗೂ ಇದು ಒಂದೇ. ಈ ಮೇರೆ ದಡಕ್ಕಾಗಲಿ ಆಳಕ್ಕಾಗಲಿ ಸೇರಿದ್ದಲ್ಲ. ತಿಮಿಂಗಿಲ ಹೋದಲ್ಲೆಲ್ಲ ಅದರ ಜೊತೆಗೇ ಸಾಗುತ್ತದೆ. ಅದನ್ನು ಅಂದಾಜಿನಿಂದ ಅಳೆದು ದೂರ ಉಳಿಯುವ ಕೆಲಸ ದೋಣಿ ನಡೆಸುವವನದೇ.