ಎಂಜಿನಿನ ಎಣ್ಣೆಯನ್ನು ಆರಿಸುವ ಕ್ರಮ

ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳಲ್ಲಿ ಟ್ರ್ಯಾಕ್ಟರು, ಪವರ್ ಟಿಲ್ಲರು, ನೀರೆತ್ತುವ ಎಂಜಿನು, ಔಷಧಿ ಸಿಂಪಡಿಸುವ ಯಂತ್ರ ಮೊದಲಾದುವು ಈಗ ಊರೂರಿಗೂ ಬಂದಿರುವುವು. ಉಳುಮೆಯ ಹದದಲ್ಲಿ ಪಿಸ್ಟನು ಹಿಡಿದುಕೊಂಡು ಎಂಜಿನು ನಿಂತುಹೋದರೆ, ರಿಪೇರಿಯ ಖರ್ಚಿಗಿಂತಲೂ ತಪ್ಪಿದ ಹದದ ನಷ್ಟವೇ ಅಧಿಕ. ಆದಕಾರಣ ಭೂಮಾಲೀಕರೂ ಗ್ರಾಮದ ಮುಖಂಡರೂ ಎಣ್ಣೆಯ ವಿಷಯವನ್ನು ಕೂಲಂಕಷವಾಗಿ ತಿಳಿದಿರುವುದು ಅವಶ್ಯ.

ಸಾಧಾರಣ ಎಣ್ಣೆಯು ಕಚ್ಚಾ ಎಣ್ಣೆಯನ್ನು ಶುದ್ಧಿಮಾಡಿ ತೆಗೆದದ್ದು. ಹೆಚ್ಚು ಬೆಲೆಯ ಸಿಂಥೆಟಿಕ್ ಆಯಿಲ್ ಎಂಬುದು ರಸಾಯನಕ್ರಿಯೆಯಿಂದ ಹೊಸದಾಗಿ ಕಟ್ಟಿದ್ದು, ಇಲ್ಲವೆ ಕಚ್ಚಾ ಎಣ್ಣೆಯ ಅಂಶವನ್ನೇ ಬಹಳವಾಗಿ ಪರಿಷ್ಕರಿಸಿದ್ದು. ಅದು ಅತಿಶಯವಾದ ಕಾವಿನಲ್ಲಿ ಬೇಗನೆ ಕೆಡದು, ಚಳಿಯಲ್ಲಿ ಗಟ್ಟಿಯಾಗದು. ಈ ಎರಡನೆಯ ಗುಣವು ಹಿಮ ಬೀಳುವ ದೇಶದವರಿಗೆ ಬೇಕಾದುದು. ನಮ್ಮ ಸೀಮೆಯಲ್ಲಿ ಅದಕ್ಕಾಗಿ ಹಣ ತೆರುವುದು ವ್ಯರ್ಥ. ತಾಳಬೆಟ್ಟದಿಂದ ಮಹದೇಶ್ವರ ಬೆಟ್ಟಕ್ಕೆ ಹೊರೆಯೊಡನೆ ಏರುವ ಟರ್ಬೊ ಎಂಜಿನಿನ ವಾಹನಕ್ಕಾದರೋ ಮೊದಲನೆಯ ಗುಣ ಸಾರ್ಥಕವಾದೀತು. ಹಳೆಯ ಪಂಪಿನ ಎಂಜಿನಿಗೆ ಸರಿಯಾದ ದರ್ಜೆಯ ಸಾಧಾರಣ ಎಣ್ಣೆಯೇ ಸಾಕು.

ಬೆಲೆಯನ್ನು ನೋಡುವ ಮೊದಲು ಡಬ್ಬಿಯ ಮೇಲಿನ ಬರಹವನ್ನು ಯಂತ್ರದ ಕೈಪಿಡಿಯೊಡನೆ ತಾಳೆನೋಡತಕ್ಕದ್ದು. 15ಡಬ್ಲ್ಯು-40 ಎಂಬಲ್ಲಿ ಮೊದಲಂಕಿಯು ಚಳಿಯಲ್ಲಿ ಎಣ್ಣೆಯು ಹರಿಯುವ ಬಗೆಯನ್ನೂ, ಕಡೆಯ ಅಂಕಿಯು ಎಂಜಿನು ಕಾದಾಗ ಉಳಿಯುವ ಮಂದವನ್ನೂ ಸೂಚಿಸುವುದು. ಎ.ಪಿ.ಐ. ಎಂಬುದರ ಮುಂದೆ ‘ಎಸ್’ ಇದ್ದರೆ ಪೆಟ್ರೋಲ್ ಎಂಜಿನಿಗೆ, ‘ಸಿ’ ಇದ್ದರೆ ಡೀಸೆಲ್ ಎಂಜಿನಿಗೆ. 2020ನೆಯ ಇಸವಿ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿ.ಎಸ್. 6 ನಿಯಮದಂತೆ ತಯಾರಾಗಿ, ಹೊಗೆಯ ಮಸಿಯನ್ನು ಹಿಡಿಯುವ ಶೋಧಕವುಳ್ಳ ಡೀಸೆಲ್ ವಾಹನಗಳಿಗೆ ಬೂದಿ ಕಡಿಮೆಯಿರುವ ಎಣ್ಣೆಯೇ ಆಗಬೇಕು. ಇಲ್ಲವಾದರೆ ಆ ಶೋಧಕವು ಕಟ್ಟಿಕೊಳ್ಳುವುದು. ಗೇರಿನ ಮೋಟಾರು ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಕ್ಲಚ್ಚು ಎಂಜಿನಿನ ಎಣ್ಣೆಯಲ್ಲಿಯೇ ಮುಳುಗಿರುವುದರಿಂದ ಜಾಸೊ ಎಂ.ಎ. ಗುರುತಿನದನ್ನು ಕೊಳ್ಳಬೇಕು, ಕಾರಿನ ಎಣ್ಣೆಯಿಂದ ಕ್ಲಚ್ಚು ಜಾರಬಹುದು. ಟೂ ಸ್ಟ್ರೋಕ್ ಸಿಂಪರಣಾ ಯಂತ್ರಗಳಿಗೆ ಟೂ-ಟಿ ಎಣ್ಣೆಯನ್ನು ಪೆಟ್ರೋಲಿಗೆ ಬೆರೆಸುವುದುಂಟು. 50ಕ್ಕೆ 1 ಎಂದು ಕೈಪಿಡಿಯಲ್ಲಿದ್ದರೆ ಲೀಟರಿಗೆ 20 ಮಿಲಿಲೀಟರು, ಕಣ್ಣಳತೆಯಿಂದ ಸುರಿಯಕೂಡದು.

ಡೀಸೆಲ್ ಎಂಜಿನಿನ ಎಣ್ಣೆ ಕಪ್ಪಾಯಿತೆಂದು ಹಲವರು ಗಾಬರಿಗೊಳ್ಳುವರು. ಮಸಿಯನ್ನು ತಳದಲ್ಲಿ ಕೂರಗೊಡದೆ ತನ್ನೊಳಗೆ ಹೊತ್ತಿರುವುದೇ ಅದರ ಕೆಲಸವಾದುದರಿಂದ ಬಣ್ಣವೊಂದೇ ದೋಷವಲ್ಲ. ಭಯಪಡಬೇಕಾದುದು ಬೇರೆ: ಎಣ್ಣೆ ಹಾಕದಿದ್ದರೂ ಅಳತೆಕಡ್ಡಿಯಲ್ಲಿ ಮಟ್ಟವು ಏರಿ, ಸೀಮೆಎಣ್ಣೆಯ ಅಥವಾ ಡೀಸೆಲಿನ ವಾಸನೆ ಬಂದರೆ, ಉರಿಯದ ಇಂಧನವು ಕೆಳಗಿಳಿದು ಎಣ್ಣೆಯನ್ನು ತೆಳುಮಾಡಿದೆಯೆಂದು ತಿಳಿಯಬೇಕು. ಆಗ ಕೂಡಲೇ ಬದಲಿಸಿ, ಕಾರಣವನ್ನು ಹುಡುಕಿಸತಕ್ಕದ್ದು. ಹನೂರಿನ ಕಡೆಯ ಒಣಭೂಮಿಯಲ್ಲಿ ಉಳುವಾಗ ಏಳುವ ದೂಳು ಗಾಳಿಶೋಧಕವನ್ನು ದಾಟಿ ಒಳಹೊಕ್ಕರೆ ಎಷ್ಟೇ ಬೆಲೆಯ ಎಣ್ಣೆಯೂ ಸವೆತವನ್ನು ತಡೆಯಲಾರದು. ಸಿಂಥೆಟಿಕ್ ಹಾಕಿದೆವೆಂದು ಕೈಪಿಡಿಯ ಗಂಟೆಗಳನ್ನು ಮೀರಿ ಓಡಿಸುವವರು ಇದನ್ನು ಮರೆಯುವರು. ಎಣ್ಣೆ ಬದಲಿಸಿದ ದಿನವನ್ನೂ ಓಡಿದ ಗಂಟೆಗಳನ್ನೂ ಪಂಪಿನ ಮನೆಯ ಗೋಡೆಯ ಮೇಲಾದರೂ ಬರೆದಿಡಿರಿ.

ತೆಗೆದ ಹಳೆಯ ಎಣ್ಣೆಯನ್ನು ಬಾವಿಯ ಬಳಿಯಾಗಲಿ, ಸುವರ್ಣಾವತಿಯ ಕಾಲುವೆಗಾಗಲಿ ಚೆಲ್ಲಕೂಡದು. ರೇಷ್ಮೆಹುಳು ಸಾಕುವ ಮನೆಯಲ್ಲಿ ಅದರ ಡಬ್ಬಿಯನ್ನು ಇಡಕೂಡದು. ಅದನ್ನು ಮುಟ್ಟಿದ ಕೈಯಿಂದ ಹಿಪ್ಪುನೇರಳೆ ಸೊಪ್ಪನ್ನು ಬಿಡಿಸಲೂಕೂಡದು. ಮುಚ್ಚಳವಿರುವ ಡಬ್ಬಿಯಲ್ಲಿ ಕೂಡಿಟ್ಟು, ಹಳೆಯ ಎಣ್ಣೆಯನ್ನು ಕೊಳ್ಳಲು ಪರವಾನಗಿಯುಳ್ಳವರಿಗೆ ಒಪ್ಪಿಸತಕ್ಕದ್ದು.