ಪುಷ್ಯ ಮಳೆ ಮತ್ತು ನಿನ್ನ ಮೀಟಿಂಗು

ತಮಾ, ಬೆಂಗಳೂರಿನ ಬಾಡಿಗೆ ಮನೆ ಖಾಲಿ ಮಾಡಿ ಊರಿಗೆ ಬಂದು, ಮೆತ್ತಿನ ಮೇಲೆ ಟೇಬಲ್ ಹಾಕಿಕೊಂಡು ಕೂತಿದ್ದೀಯ. ಸಂತೋಷ. ಅಪ್ಪ, ಅಮ್ಮನಿಗೆ ಧೈರ್ಯ ಬಂತು. ಆದರೆ ನೀನು ಬಂದದ್ದು ಮಾಘ ಮಾಸದಲ್ಲಿ. ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ನೆಟ್ಟಿನ ನಿಜವಾದ ಬಣ್ಣ ಗೊತ್ತಾಗುವುದು ಪುನರ್ವಸು, ಪುಷ್ಯ ಮಳೆ ಹಿಡಿದ ಮೇಲೆ. "ನಮ್ಮೂರಲ್ಲಿ ಬೆಂಗಳೂರಿಗಿಂತ ಚೆನ್ನಾಗಿ ನೆಟ್ ಬರ್ತದೆ" ಅಂತ ಆಫೀಸಿನವರ ಹತ್ತಿರ ಹೇಳಿಕೊಂಡಿದ್ದೀಯಂತೆ. ಆ ಮಾತನ್ನು ಜೂನ್ ಬರುವುದರೊಳಗೆ ಹಿಂದಕ್ಕೆ ತಗೋ.

ಯಾಕೆ ಅಂತ ಕೇಳು. ನಿನ್ನ ಮನೆಗೆ ಬರುವ ಫೈಬರ್ ನೆಲದಡಿ ಬರುವುದಿಲ್ಲ. ಕಂಬದಿಂದ ಕಂಬಕ್ಕೆ, ಕಂಬ ಇಲ್ಲದ ಕಡೆ ಮರದಿಂದ ಮರಕ್ಕೆ ಜೋತಾಡಿಕೊಂಡು ಬೆಟ್ಟ ದಾಟಿ ಬರುತ್ತದೆ. ಮತ್ತಿಯದೋ ಹೊನ್ನೆಯದೋ ಒಂದು ಟೊಂಗೆ ಬಿದ್ದರೆ ಮುಗಿಯಿತು. ಟೊಂಗೆ ಬೀಳದಿದ್ದರೆ ಮಂಗ ಜಗ್ಗುತ್ತದೆ. ಎರಡೂ ತಪ್ಪಿದರೆ ಪೇಟೆಗೆ ಹೋಗುವ ದಾರಿಯಲ್ಲಿ ಜೆಸಿಬಿ ಚರಂಡಿ ತೆಗೆಯುತ್ತಿರುತ್ತದೆ. 2021ರ ಜುಲೈ ನೆನಪಿದೆಯೋ? ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡವೇ ಜಾರಿ ಮನೆ ತೋಟ ಕೊಚ್ಚಿಹೋದವು, ಅರಬೈಲ್ ಘಟ್ಟದ ರಸ್ತೆ ಕುಸಿಯಿತು. ಅಂಥ ಮಳೆಯಲ್ಲಿ ಕೂದಲೆಳೆಯಷ್ಟು ಗಾಜು ಉಳಿಯಬೇಕು ಅಂದರೆ ಹೇಗೆ?

ಹಾಗಾಗಿ ನೆಟ್ ಹೋದ ಕೂಡಲೇ ಗಾಬರಿಯಾಗಿ ಮೋಡೆಮ್ ಡಬ್ಬಿಯನ್ನು ಹತ್ತು ಸಲ ಆರಿಸಿ ಹತ್ತಿಸಬೇಡ. ಮೊದಲು ಅದರ ದೀಪ ನೋಡು. ಎಲ್‌ಒಎಸ್ ಅಂತ ಬರೆದಲ್ಲಿ ಕೆಂಪು ಮಿನುಗುತ್ತಿದ್ದರೆ ಬೆಳಕು ಡಬ್ಬಿಯವರೆಗೆ ಬರುತ್ತಿಲ್ಲ ಅಂತ ಲೆಕ್ಕ. ಎಷ್ಟು ಸಲ ರೀಸ್ಟಾರ್ಟ್ ಮಾಡಿದರೂ ಬಾರದು. ಕೆಂಪು ಇಲ್ಲದೆ, ಪಿಒಎನ್ ದೀಪ ಹಸಿರಾಗಿ ನಿಂತಿದ್ದೂ ನೆಟ್ ಇಲ್ಲದಿದ್ದರೆ ಮನೆಯವರೆಗಿನ ಲೈನು ಸರಿಯಿದೆ, ತೊಂದರೆ ಆಚೆ ಎಲ್ಲೋ. ಆಗ ಒಮ್ಮೆ ರೀಸ್ಟಾರ್ಟ್ ಮಾಡಿ ನೋಡಿ ಸುಮ್ಮನಾಗು. ದೂರು ಕೊಡುವಾಗ "ನೆಟ್ ಇಲ್ಲ" ಅನ್ನುವುದಕ್ಕಿಂತ "ಕೆಂಪು ದೀಪ ಬಂದಿದೆ" ಅಂದರೆ ಲೈನಿನ ಹುಡುಗನಿಗೆ ಅರ್ಧ ಕೆಲಸ ಹಗುರ.

ಒಮ್ಮೊಮ್ಮೆ ಕೇಡು ಮನೆಯೊಳಗೇ ಇರುತ್ತದೆ. ಡಬ್ಬಿಗೆ ಸಿಕ್ಕಿಸಿದ ತೆಳು ದಾರವನ್ನು ನಿಮ್ಮನೆಯಲ್ಲಿ ಮೊಳೆಗೆ ಸುತ್ತಿ ಮಡಚಿಟ್ಟಿದ್ದು ಕಂಡೆ. ಗಾಜಿನ ಎಳೆ ಕಟುವಾಗಿ ಬಾಗಿದರೆ ಬೆಳಕು ಅಲ್ಲೇ ಸೋರಿಹೋಗುತ್ತದೆ. ಅಗಲ ಸುರುಳಿ ಮಾಡಿ ತೂಗಿಡು. ಹಸಿರು ಮೂತಿಯ ಕನೆಕ್ಟರ್ ಬಿಚ್ಚಿದರೆ ತುದಿಯನ್ನು ಬೆರಳಲ್ಲಿ ಒರೆಸಬೇಡ. ಡಬ್ಬಿಯನ್ನು ಅಡಿಕೆ ಅಟ್ಟದ ಪಕ್ಕದಿಂದ ತೆಗೆ. ಹೊಗೆ, ಮಸಿ, ಆಷಾಢದ ತಂಡಿ ಮೂರೂ ಸೇರಿದರೆ ಅದು ಎರಡು ಮಳೆಗಾಲ ಬಾಳುವುದು ಕಷ್ಟ.

ಇನ್ನು ಕರೆಂಟು. ಹಿಂದಿನ ತಾಮ್ರದ ತಂತಿಯ ಫೋನಿಗೆ ಎಕ್ಸ್‌ಚೇಂಜಿನ ಬ್ಯಾಟರಿಯಿಂದಲೇ ಜೀವ ಬರುತ್ತಿತ್ತು. ಮನೆಯಲ್ಲಿ ಕತ್ತಲಾದರೂ ಫೋನು ನಡೆಯುತ್ತಿತ್ತು. ಫೈಬರಿಗೆ ಆ ಭಾಗ್ಯ ಇಲ್ಲ, ಡಬ್ಬಿಗೆ ನೀನೇ ಕರೆಂಟು ಉಣಿಸಬೇಕು. ರೌಟರಿಗೆಂದೇ ಸಣ್ಣ ಯುಪಿಎಸ್ ಸಿಗುತ್ತದೆ. ನಿನ್ನ ಅಡಾಪ್ಟರ್ ಮೇಲೆ ಬರೆದ ವೋಲ್ಟ್, ಆ್ಯಂಪಿಯರ್ ನೋಡಿಕೊಂಡು ತಗೋ. ಸೋಲಾರ್ ಬ್ಯಾಟರಿ ಇದೆಯಲ್ಲ ಅಂತ ನೇರ ಸಿಕ್ಕಿಸಬೇಡ. ಹೆಸರಿಗೆ 12 ವೋಲ್ಟ್ ಆದರೂ ಚಾರ್ಜ್ ಆಗುವಾಗ 14 ದಾಟುತ್ತದೆ, ಡಬ್ಬಿ ಸುಟ್ಟೀತು. ಯುಪಿಎಸ್‌ನಿಂದ ಇನ್ನೊಂದು ಲಾಭ ಸಿಡಿಲಿನ ದಿನ. ಗಾಜಿನ ಎಳೆಯಲ್ಲಿ ಸಿಡಿಲು ಹರಿಯದು, ಹೆಚ್ಚಾಗಿ ಬರುವುದು ಕರೆಂಟಿನ ತಂತಿ ಹಿಡಿದು. ಗುಡುಗು ಹತ್ತಿರ ಬರುವ ಮೊದಲೇ ಯುಪಿಎಸ್‌ನ ಪ್ಲಗ್ಗನ್ನೇ ಗೋಡೆಯಿಂದ ಕೀಳು, ಸ್ವಿಚ್ ಆರಿಸಿದರೆ ಸಾಲದು. ಬ್ಯಾಟರಿ ಇರುವಷ್ಟು ಹೊತ್ತು ನಿನ್ನ ಮೀಟಿಂಗು ನಡೆಯುತ್ತದೆ.

"ಫೈಬರ್ ಹೋದರೆ ಮೊಬೈಲ್ ಹಾಟ್‌ಸ್ಪಾಟ್ ಇದೆ" ಅಂತೀಯ. ಇರುತ್ತದೆ, ಸ್ವಲ್ಪ ಹೊತ್ತು. ಟವರಿಗೂ ಬೇಕಾದದ್ದು ಅದೇ ಕರೆಂಟು. ಊರಿಗೆ ಊರೇ ಕತ್ತಲಾದ ಮೇಲೆ ಅದರ ಬ್ಯಾಟರಿ ಕೆಲವು ತಾಸು ತಡೆದೀತು, ಆಮೇಲೆ ಅದೂ ಮಲಗುತ್ತದೆ. ಅದಕ್ಕೇ ಎರಡನೇ ಸಿಮ್ಮು ಬೇರೆ ಕಂಪನಿಯದಿರಲಿ, ಆದರೆ ಬೇರೆ ದಿಕ್ಕಿನ ಟವರಿನದೂ ಇರಲಿ. ಯಾವುದಕ್ಕೆ ಎಲ್ಲಿ ಸಿಗ್ನಲ್ ಅಂತ ಈಗಲೇ ಮನೆಯ ಮೂಲೆಮೂಲೆಯಲ್ಲಿ ನಿಂತು ನೋಡಿಡು. ಗೆರೆ ಒಂದೇ ಉಳಿದಾಗ ಕ್ಯಾಮೆರಾ ಆರಿಸು, ನಿನ್ನ ಮುಖ ನೋಡದಿದ್ದರೆ ಯಾರ ಕೆಲಸವೂ ನಿಲ್ಲುವುದಿಲ್ಲ. ಮೀಟಿಂಗಿಗೆ ಸಾದಾ ಫೋನ್ ನಂಬರಿನಿಂದ ಸೇರಲು ಬರುತ್ತದೋ ಕೇಳಿಡು. 2020ರ ಲಾಕ್‌ಡೌನಿನಲ್ಲಿ ಹುಡುಗರೆಲ್ಲ ಟಾರ್ಪಾಲ್ ಹೊತ್ತು ಗುಡ್ಡದ ನೆತ್ತಿ ಹತ್ತಿ ಕೂತಿದ್ದರು. ಬೇಸಿಗೆಯಲ್ಲಿ ಸರಿ. ಜುಲೈನಲ್ಲಿ ಗುಡ್ಡ ಹತ್ತಿದರೆ ಸಿಗ್ನಲ್ ಸಿಕ್ಕೀತೋ ಇಲ್ಲವೋ, ಉಂಬಳವಂತೂ ಸಿಗುತ್ತದೆ.

ಆಫೀಸಿನ ವಿಷಯದಲ್ಲಿ ನಾನು ಹೇಳುವುದು ಒಂದೇ, ಮುಚ್ಚಿಡಬೇಡ. ನೆಟ್ ಹೋದ ದಿನ ಕಾರಣ ಹುಡುಕಿದರೆ ಅದು ನೆವದ ಹಾಗೆ ಕೇಳಿಸುತ್ತದೆ. ಮೇ ತಿಂಗಳಲ್ಲೇ ಹೇಳಿಬಿಟ್ಟರೆ ಅದು ಮುಂದಾಲೋಚನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೀಗಾಗಬಹುದು, ಆದಾಗ ಈ ಕೆಲಸ ಇಂಥವರು ನೋಡಿಕೊಳ್ಳಲಿ, ಅವರ ಭಾರ ನಾನು ಬೇಸಿಗೆಯಲ್ಲಿ ಹೊರುತ್ತೇನೆ ಅನ್ನು. ಮ್ಯಾನೇಜರ್ ನಂಬರ್ ಆಫೀಸಿನ ಆ್ಯಪಿನಲ್ಲಿ ಮಾತ್ರ ಇದ್ದರೆ ನೆಟ್ ಹೋದ ದಿನ ಅದೂ ಕಾಣದು, ಫೋನಿನಲ್ಲಿ ಬೇರೆ ಬರೆದಿಡು. ನೆಟ್ ಸತ್ತ ಮೇಲೂ ಟವರ್ ಎಚ್ಚರ ಇರುವ ತನಕ ಒಂದು ಎಸ್ಸೆಮ್ಮೆಸ್ ಹೇಗೋ ನುಸುಳಿ ಹೋಗುತ್ತದೆ. ಮಳೆಗಾಲಕ್ಕೆ ಮುಂಚೆ ಅಮ್ಮ ಕಟ್ಟಿಗೆ ಒಟ್ಟಿ ಹಪ್ಪಳ ಒಣಗಿಸಿಡುವಂತೆ ನೀನೂ ಒಂದಿಷ್ಟು ಕೆಲಸ ಕೂಡಿಟ್ಟಿರು. ಓದಬೇಕಾದ ಕಡತ ಇಳಿಸಿಕೋ, ಬರೆಯಬೇಕಾದ ವರದಿ, ತಿದ್ದಬೇಕಾದ ಕೋಡ್ ನಿನ್ನ ಲ್ಯಾಪ್‌ಟಾಪಿನಲ್ಲೇ ಇರಲಿ. ಇವಕ್ಕೆ ಇಡೀ ದಿನ ನೆಟ್ ಬೇಡ.

ಮನೆಯಲ್ಲೂ ಒಂದು ಕರಾರು ಮಾಡಿಕೋ. ನೆಟ್ ಹೋಯಿತು ಅಂದರೆ ಹುಡುಗ ಖಾಲಿ ಅಂತ ಅಪ್ಪ ತಿಳಿಯುತ್ತಾನೆ. ಅಡಿಕೆಗೆ ಮದ್ದು ಹೊಡೆಯಲು ಕೊನೆಗೌಡ ಬಂದ ದಿನವಂತೂ ಕರೆಯದೇ ಇರುವುದಿಲ್ಲ. ಎಷ್ಟು ಗಂಟೆಯಿಂದ ಎಷ್ಟು ಗಂಟೆ ನಿನ್ನದು ಅಂತ ಮೊದಲೇ ಹೇಳು. ಉಳಿದ ಹೊತ್ತಿನಲ್ಲಿ ಕರೆದರೆ ಹೋಗು, ಮತ್ತೆ.

ಕಡೆಗೆ ಲೈನಿನ ಹುಡುಗ. ಇಡೀ ಸೀಮೆಗೆ ಅವನೊಬ್ಬನೋ ಇಬ್ಬರೋ. ನೀನು ಫೋನಿನಲ್ಲಿ ರೇಗಿದರೆ ಅವನು ಬೇಗ ಬರುವುದಿಲ್ಲ, ಫೋನು ಎತ್ತುವುದನ್ನೇ ಬಿಡುತ್ತಾನೆ. ಅದಕ್ಕಿಂತ ಮಳೆ ಹೊಳವಾದಾಗ ಲೈನು ಹಿಡಿದು ನಡೆದು, ಎಲ್ಲಿ ಹರಿದಿದೆ ಅಂತ ನೋಡಿ ಒಂದು ಫೋಟೋ ಕಳಿಸು. ದೂರದಿಂದ ನೋಡು, ಮುಟ್ಟಬೇಡ. ಫೈಬರಿನ ಜೊತೆ ಕರೆಂಟಿನ ತಂತಿಯೂ ಬಿದ್ದಿದ್ದೀತು. ಅವನು ಬಂದಾಗ ತುಂಡಾದ ಎರಡು ತುದಿ ಸಿಪ್ಪೆ ಸುಲಿದು, ಒರೆಸಿ, ನೇರ ಕತ್ತರಿಸಿ ಪುಟ್ಟ ಮಷಿನ್ನಿನಲ್ಲಿಟ್ಟು ಬೆಸೆಯುತ್ತಾನೆ. ಆ ಹೊತ್ತಿಗೆ ಒಂದು ಹನಿ ಬಿದ್ದರೂ ಮತ್ತೆ ಮೊದಲಿಂದ. ಅಲ್ಲಿ ಟಾರ್ಪಾಲ್ ಹಿಡಿದು ನಿಲ್ಲುವವರು ಬೇಕು. ನಿಲ್ಲು. ಆಮೇಲೆ ಮನೆಗೆ ಕರೆದು ಒಂದು ಲೋಟ ಕಷಾಯ ಕೊಡು.

ದರಕು ಗುಡಿಸಲು ಹೇಗೂ ಬೆಟ್ಟಕ್ಕೆ ಹೋಗುತ್ತೀರಿ. ಈ ಸಲ ಲೈನಿನ ಮೇಲೆ ಬಾಗಿದ ಟೊಂಗೆಗಳನ್ನೂ ಗುರುತು ಮಾಡಿಕೊಂಡು ಬಾ. ಮೃಗಶಿರ ಹುಟ್ಟುವುದರೊಳಗೆ ಕೇರಿಯವರೆಲ್ಲ ಸೇರಿ ಸವರಬೇಕು, ಅರಣ್ಯ ಇಲಾಖೆಯವರ ಕಿವಿಗೆ ಹಾಕಬೇಕಾದ ಕಡೆ ಹಾಕಿಯೇ. ಕತ್ತಿ ನಾನು ತರುತ್ತೇನೆ. ಮೇಲೆ ಹತ್ತುವ ವಯಸ್ಸು ನನ್ನದಲ್ಲ, ಅದು ನಿನ್ನದು.