ಗಾಯಕ್ಕೆ ಅಣಬೆಯ ಬಟ್ಟೆ

ಹಾಸ್ಟೆಲಿನಲ್ಲಿ ಯಾರಾದರೂ ಬೈಕಿನಿಂದ ಬಿದ್ದು ಮೊಣಕಾಲು ತರಚಿಕೊಂಡು ಬಂದರೆ ನಾವೆಲ್ಲ ಕೊಡುವ ಸಲಹೆ ಒಂದೇ: "ಕಟ್ಟಬೇಡ ಮಗಾ, ಗಾಳಿಗೆ ಬಿಡು, ಬೇಗ ಒಣಗುತ್ತೆ." ಮನೆಯಲ್ಲಾದರೆ ಅರಿಶಿನ, ಇಲ್ಲದಿದ್ದರೆ ಕಾಫಿ ಪುಡಿ. ಒಣಗುವುದು ಅಂದರೆ ವಾಸಿಯಾಗುವುದು ಅಂತಲೇ ನಾವು ತಿಳಿದುಕೊಂಡಿದ್ದೆವು. ಕಳೆದ ಸೆಮಿಸ್ಟರಿನ ಸೆಮಿನಾರಿಗೆ ಓದಲು ಕೂತಾಗ ಇದು ತಪ್ಪು ಅಂತ ಗೊತ್ತಾಯ್ತು.

ವಿಷಯ ಸಿಕ್ಕಿದ್ದು ನಮ್ಮ ಟೀಮಿನ ಗೆಳೆಯನೊಬ್ಬನ ಮನೆಯಿಂದ. ತೀರ್ಥಹಳ್ಳಿ ಕಡೆಯ ಅವನ ಅಜ್ಜಿಗೆ ಸಕ್ಕರೆ ಕಾಯಿಲೆ. ಪಾದದ ಸಣ್ಣ ಗಾಯ ತಿಂಗಳುಗಟ್ಟಲೆ ಮಾಯಲಿಲ್ಲ. ರಜೆಯಲ್ಲಿ ಡ್ರೆಸ್ಸಿಂಗ್ ಬದಲಿಸುವ ಕೆಲಸ ಇವನದ್ದು. ಗಾಜ್ ಬಟ್ಟೆ ಗಾಯಕ್ಕೆ ಅಂಟಿಕೊಂಡಿರುತ್ತಿತ್ತು. ಎಳೆದಾಗಲೆಲ್ಲ ರಕ್ತ. "ಮೆಲ್ಲಗೆ ಬಿಡ್ಸೋ ಮಾರಾಯ" ಅಂತ ಅಜ್ಜಿ ಕಣ್ಣು ಮುಚ್ಚಿಕೊಳ್ಳುತ್ತಿದ್ದರಂತೆ. ಗಾಯಕ್ಕೆ ಅಂಟದ ಬಟ್ಟೆ ಮಾಡೋಕಾಗಲ್ವಾ? ನಮ್ಮ ಪ್ರಶ್ನೆ ಇಷ್ಟೇ ಆಗಿತ್ತು.

ಒಣಗಬೇಕಾ, ಒದ್ದೆ ಇರಬೇಕಾ?

1962ರಲ್ಲಿ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಎಳೆಯ ಹಂದಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಕೆಲವು ಗಾಯಗಳನ್ನು ಗಾಳಿಗೆ ಬಿಟ್ಟರು, ಕೆಲವನ್ನು ತೆಳು ಪಾಲಿಥೀನ್ ಹಾಳೆಯಿಂದ ಮುಚ್ಚಿದರು. ಮುಚ್ಚಿದ ಗಾಯಗಳ ಮೇಲೆ ಹೊಸ ಚರ್ಮ ಸುಮಾರು ಎರಡು ಪಟ್ಟು ವೇಗವಾಗಿ ಹರಡಿತು. ಕಾರಣ ಸರಳ. ಹೊಸ ಚರ್ಮದ ಕೋಶಗಳು ಗಾಯದ ಅಂಚಿನಿಂದ ನಡುವಿನ ಕಡೆಗೆ ತೆವಳಿಕೊಂಡು ಹೋಗಬೇಕು. ತೇವ ಇದ್ದರೆ ದಾರಿ ಸಲೀಸು. ಮೇಲೆ ಗಟ್ಟಿ ಹಕ್ಕಳೆ ಕಟ್ಟಿದರೆ ಅದರ ಅಡಿಯಲ್ಲಿ ತೇವ ಇರುವ ಜಾಗ ಹುಡುಕಿಕೊಂಡು ಸುತ್ತಿ ಹೋಗಬೇಕು.

ಆದ್ದರಿಂದ ಒಳ್ಳೆಯ ಡ್ರೆಸ್ಸಿಂಗಿಗೆ ನಾವು ಒಂದು ಸ್ಪೆಸಿಫಿಕೇಶನ್ ಬರೆದುಕೊಂಡೆವು:

1. ತೇವ ಉಳಿಸಬೇಕು.
2. ಹೆಚ್ಚಾದ ಕೀವು, ನೀರನ್ನು ಹೀರಬೇಕು.
3. ಗಾಳಿ, ಆವಿ ಆಡಬೇಕು.
4. ಬಿಚ್ಚುವಾಗ ಹೊಸ ಚರ್ಮ ಕೀಳಬಾರದು.
5. ದೇಹಕ್ಕೆ ವಿಷವಾಗಬಾರದು.

ಒಣ ಗಾಜ್ ಬಟ್ಟೆ ಎರಡನೆಯದರಲ್ಲೂ ಮೂರನೆಯದರಲ್ಲೂ ಪಾಸ್. ಒಂದು ಮತ್ತು ನಾಲ್ಕರಲ್ಲಿ ಫೇಲ್.

ಅಣಬೆ ಎಲ್ಲಿಂದ ಬಂತು?

ಹೊಸದೇನಲ್ಲ. ಯುರೋಪಿನಲ್ಲಿ ಬರ್ಚ್, ಬೀಚ್ ಮರಗಳ ಕಾಂಡದಲ್ಲಿ ಕುದುರೆ ಗೊರಸಿನ ಆಕಾರದ ಒಂದು ಗಟ್ಟಿ ಅಣಬೆ ಬೆಳೆಯುತ್ತದೆ, ಹೆಸರು ಫೋಮೆಸ್ ಫೋಮೆಂಟೇರಿಯಸ್. ಅದರ ಒಳಪದರವನ್ನು ನೆನೆಸಿ, ಬಡಿದು, ಮೆತ್ತನೆಯ ಕಂಬಳಿಯಂಥ ಹಾಳೆ ಮಾಡುತ್ತಿದ್ದರು. ಅದಕ್ಕೆ ಅಮಡೂ ಅಂತ ಹೆಸರು. ಕ್ಷೌರಿಕರು, ಶಸ್ತ್ರವೈದ್ಯರು ರಕ್ತ ನಿಲ್ಲಿಸಲು ಅದನ್ನೇ ಒತ್ತುತ್ತಿದ್ದರು. ರೊಮೇನಿಯಾದ ಕೊರುಂಡ್ ಎಂಬ ಹಳ್ಳಿಯಲ್ಲಿ ಈಗಲೂ ಅದರಿಂದ ಟೋಪಿ ಮಾಡುತ್ತಾರೆ.

ಇದರ ಹಿಂದಿನ ರಸಾಯನಶಾಸ್ತ್ರದ ಮೊದಲ ಸುಳಿವು ಸಿಕ್ಕಿದ್ದು 1811ರಲ್ಲಿ. ಫ್ರಾನ್ಸಿನ ಹೆನ್ರಿ ಬ್ರಾಕೊನೊ ಅಣಬೆಯಿಂದ ಒಂದು ಹೊಸ ಪದಾರ್ಥ ಬೇರ್ಪಡಿಸಿದರು. ಇಂದು ನಾವು ಅದನ್ನು ಕೈಟಿನ್ ಅನ್ನುತ್ತೇವೆ. ಸೀಗಡಿ, ಏಡಿ ಚಿಪ್ಪಿನಲ್ಲಿ ಇರುವುದೂ ಅದೇ. ಆದರೆ ಮೊದಲು ಸಿಕ್ಕಿದ್ದು ಅಣಬೆಯಲ್ಲಿ!

ಶಿಲೀಂಧ್ರದ ಕೋಶಭಿತ್ತಿಯನ್ನು ಸಿವಿಲ್ ಬ್ರಾಂಚಿನ ಗೆಳೆಯರಿಗೆ ಅರ್ಥವಾಗುವ ಹಾಗೆ ಹೇಳುವುದಾದರೆ ಅದು ಆರ್‌ಸಿಸಿ. ಕೈಟಿನ್ ಕಬ್ಬಿಣದ ಸರಳು, ಬೀಟಾ ಗ್ಲೂಕನ್ ಎಂಬ ಇನ್ನೊಂದು ಸಕ್ಕರೆ ಸರಪಳಿ ಕಾಂಕ್ರೀಟು. ಗಾಯಕ್ಕೆ ಎರಡೂ ಉಪಯೋಗ. ಕೈಟಿನ್‌ನಿಂದ ಅಸಿಟೈಲ್ ಗುಂಪುಗಳನ್ನು ಪ್ರಬಲ ಕ್ಷಾರದಿಂದ ತೆಗೆದರೆ ಕೈಟೊಸಾನ್ ಸಿಗುತ್ತದೆ. ಸ್ವಲ್ಪ ಆಮ್ಲೀಯ ವಾತಾವರಣದಲ್ಲಿ ಅದರ ಅಮೈನ್ ಗುಂಪುಗಳು ಧನ ವಿದ್ಯುದಂಶ ಪಡೆಯುತ್ತವೆ. ಕೆಂಪು ರಕ್ತಕಣಗಳ ಮೇಲ್ಮೈ ಋಣ. ಎರಡೂ ಸೆಳೆದುಕೊಂಡು ರಕ್ತ ಬೇಗ ಗರಣೆ ಕಟ್ಟುತ್ತದೆ. ಬ್ಯಾಕ್ಟೀರಿಯಾಗಳ ಹೊರಮೈ ಕೂಡ ಋಣವೇ, ಹಾಗಾಗಿ ಅವುಗಳ ಬೆಳವಣಿಗೆಗೂ ತಡೆ. ಬೀಟಾ ಗ್ಲೂಕನ್ ಕೆಲಸ ಬೇರೆ. ನಮ್ಮ ಮ್ಯಾಕ್ರೊಫೇಜ್ ಎಂಬ ಕಾವಲು ಕೋಶಗಳಲ್ಲಿ ಅದನ್ನು ಗುರುತಿಸುವ ಡೆಕ್ಟಿನ್-1 ಎಂಬ ಗ್ರಾಹಕ ಇದೆ (ಅದು ಗ್ಲೂಕನ್ ಗ್ರಾಹಕ ಅಂತ 2001ರಲ್ಲಿ ಪತ್ತೆಯಾಯಿತು). ಗ್ಲೂಕನ್ ತಾಗಿದರೆ ಆ ಕೋಶಗಳು ಎಚ್ಚರಗೊಂಡು ಗಾಯ ಶುಚಿ ಮಾಡುವ, ರಿಪೇರಿ ಶುರು ಮಾಡುವ ಕೆಲಸಕ್ಕೆ ಇಳಿಯುತ್ತವೆ.

ಲ್ಯಾಬಿನಲ್ಲಿ ನಮ್ಮ ಪಾಡು

ಓದಿದ್ದು ಸಾಕು, ಮಾಡಿ ನೋಡೋಣ ಅಂತ 100 ಮಿಲೀ ನೀರಿಗೆ 1 ಮಿಲೀ ಅಸಿಟಿಕ್ ಆಮ್ಲ ಬೆರೆಸಿ, 2 ಗ್ರಾಂ ಕೈಟೊಸಾನ್ ಕರಗಿಸಿದೆವು. ಗಂಜಿಯಂಥ ದ್ರವವನ್ನು ಪೆಟ್ರಿ ಡಿಶ್ಶಿಗೆ ಸುರಿದು ಒಣಗಿಸಿದಾಗ ತೆಳು, ಪಾರದರ್ಶಕ ಹಾಳೆ ಬಂತು. ಖುಷಿಯಿಂದ ನೀರಿಗೆ ಹಾಕಿದರೆ ಉಬ್ಬಿ ಲೋಳೆಯಾಗಿ ಹೋಯ್ತು! ಹಾಳೆಯಲ್ಲಿ ಆಮ್ಲ ಉಳಿದಿತ್ತು. ಎರಡನೇ ಸಲ ದುರ್ಬಲ ಸೋಡಿಯಂ ಹೈಡ್ರಾಕ್ಸೈಡಿನಲ್ಲಿ ಅದ್ದಿ ತೊಳೆದೆವು, ಆಗ ನೀರಿನಲ್ಲಿ ಗಟ್ಟಿ ನಿಂತಿತು.

ಆಮೇಲೆ ಡಬ್ಬಿಯ ಲೇಬಲ್ ಓದಿದೆವು. ಸೀಗಡಿ ಚಿಪ್ಪಿನಿಂದ ಮಾಡಿದ್ದು. ನಮ್ಮ ಟೀಮಿನ ಶುದ್ಧ ಸಸ್ಯಾಹಾರಿ "ಅಯ್ಯೋ, ಮೊದಲೇ ಹೇಳ್ಬಾರ್ದಾ" ಅಂದ. ನಕ್ಕೆವು, ಆದರೆ ಅವನ ಮಾತಿನಲ್ಲಿ ಅರ್ಥವಿದೆ. ಸೀಗಡಿ ಅಲರ್ಜಿ ಇರುವವರೂ ಚಿಪ್ಪಿನ ಮೂಲ ಅಂದರೆ ಹಿಂಜರಿಯುತ್ತಾರೆ. ಚಿಪ್ಪಿನಿಂದ ಸುಣ್ಣದ ಅಂಶವನ್ನು ಆಮ್ಲ ಹಾಕಿ ತೆಗೆಯಬೇಕು, ಶಿಲೀಂಧ್ರಕ್ಕೆ ಆ ಹಂತ ಬೇಡ. ಕೂಲ್‌ಡ್ರಿಂಕಿಗೆ ಹಾಕುವ ಸಿಟ್ರಿಕ್ ಆಮ್ಲವನ್ನು ತಯಾರಿಸುವುದು ಆಸ್ಪರ್ಜಿಲಸ್ ನೈಗರ್ ಎಂಬ ಕಪ್ಪು ಬೂಷ್ಟಿನಿಂದ. ಕಾರ್ಖಾನೆಯಲ್ಲಿ ಉಳಿಯುವ ಬೂಷ್ಟಿನ ರಾಶಿಯೇ ಕೈಟಿನ್ ಗಣಿ.

1997ರಲ್ಲಿ ತೈವಾನಿನ ಸಂಶೋಧಕರು ಇನ್ನೂ ಸುಲಭದ ದಾರಿ ಹಿಡಿದರು. ಗ್ಯಾನೊಡರ್ಮಾ ಎಂಬ ಅಣಬೆಯಿಂದ ಔಷಧದ ಸಾರ ತೆಗೆದ ಮೇಲೆ ಉಳಿದ ಚರಟವನ್ನು ಕ್ಷಾರದಲ್ಲಿ ಬೇಯಿಸಿ, ಬಿಳುಪು ಮಾಡಿ, ನಾರುಗಳನ್ನು ಕಾಗದದಂತೆ ಹಾಳೆ ಮಾಡಿದರು. ಕೈಟಿನ್, ಗ್ಲೂಕನ್ ಎರಡೂ ಅದರಲ್ಲೇ ಇವೆ. ಹೆಸರು ಸಕ್ಕಾಕೈಟಿನ್. ಇಲಿಗಳ ಗಾಯದ ಮೇಲೆ ಹಾಕಿದಾಗ ಸಾಮಾನ್ಯ ಗಾಜ್ ಬಟ್ಟೆಗಿಂತ ಬೇಗ ಗಾಯ ಕೂಡಿತು. ಇದನ್ನು ಓದಿ ತೀರ್ಥಹಳ್ಳಿಯ ಗೆಳೆಯ ಎದ್ದು ಕೂತ. ಅವರ ಅಡಿಕೆ ಮರಗಳನ್ನು ಬುಡದಲ್ಲೇ ಕೊಲ್ಲುವ ಅಣಬೆ ರೋಗಕ್ಕೆ ಕಾರಣವೂ ಇದೇ ಗ್ಯಾನೊಡರ್ಮಾ ಕುಲದ ಅಣಬೆ!

ಒಂದು ಎಚ್ಚರಿಕೆ

ಇಷ್ಟು ಓದಿ ಯಾರೂ ತೋಟದ ಅಣಬೆ ಜಜ್ಜಿ ಗಾಯಕ್ಕೆ ಕಟ್ಟಬೇಡಿ. ಜೀವಂತ ಶಿಲೀಂಧ್ರ ಗಾಯಕ್ಕೆ ಸೋಂಕು ತರಬಲ್ಲದು, ಸಕ್ಕರೆ ಕಾಯಿಲೆ ಇರುವವರಿಗಂತೂ ಅಪಾಯ ಜಾಸ್ತಿ. ಡ್ರೆಸ್ಸಿಂಗಿಗೆ ಬಳಸುವುದು ಪ್ರೊಟೀನು, ಬೀಜಕಣ ಎಲ್ಲ ಕಳೆದು, ಕ್ರಿಮಿಶುದ್ಧ ಮಾಡಿದ ಗೋಡೆಯ ನಾರು ಮಾತ್ರ. ಇಲಿಯ ಚರ್ಮ ನಮ್ಮ ಚರ್ಮದಂತಲ್ಲ ಅನ್ನುವುದನ್ನೂ ಮರೆಯಬಾರದು. ಇಲಿಯ ಗಾಯ ಮುಖ್ಯವಾಗಿ ಚರ್ಮ ಕುಗ್ಗಿ ಮುಚ್ಚಿಕೊಳ್ಳುತ್ತದೆ, ನಮ್ಮದು ಹೆಚ್ಚಾಗಿ ಹೊಸ ಚರ್ಮ ಬೆಳೆದು ಮುಚ್ಚಬೇಕು.

ಅಜ್ಜಿಯ ಗಾಯ ಕೊನೆಗೂ ಮಾಯ್ತು. ಅಣಬೆಯಿಂದಲ್ಲ. ಸಕ್ಕರೆ ಹತೋಟಿಗೆ ಬಂತು, ಪಾದದ ಮೇಲೆ ಭಾರ ಹಾಕುವುದು ನಿಂತಿತು, ಡಾಕ್ಟರು ಅಂಟದ ಡ್ರೆಸ್ಸಿಂಗ್ ಬರೆದುಕೊಟ್ಟರು. ಆದರೆ ಅದರ ಬೆಲೆ ನೋಡಿ ಮನೆಯವರು ಒಂದನ್ನೇ ಎರಡು ದಿನ ಹೆಚ್ಚು ಬಿಡುತ್ತಿದ್ದರಂತೆ. ಕಾರ್ಖಾನೆಯ ಕಸದಿಂದ ಅಗ್ಗದ, ಅಂಟದ ಬಟ್ಟೆ ಮಾಡುವುದು ನಮ್ಮಂಥವರ ಕೆಲಸ. ಕೆಮಿಕಲ್, ಬಯೋಟೆಕ್, ಟೆಕ್ಸ್‌ಟೈಲ್ ಬ್ರಾಂಚಿನವರಿಗೆ ಫೈನಲ್ ಇಯರ್ ಪ್ರಾಜೆಕ್ಟ್ ಬೇಕಿದ್ದರೆ ಬನ್ನಿ, ಸೇರಿ ಮಾಡೋಣ. ಅಲ್ಲಿಯವರೆಗೆ ಮೊಣಕಾಲು ತರಚಿದರೆ ಶುದ್ಧ ನೀರಿನಲ್ಲಿ ತೊಳೆದು, ಮುಚ್ಚಿಡಿ. ಆಳದ ಗಾಯವಾದರೆ ಡಾಕ್ಟರ ಹತ್ತಿರ ಹೋಗಿ. ಕಾಫಿ ಪುಡಿ ಕಾಫಿಗೇ ಇರಲಿ.